ಬದುಕಿದ್ದಾಗಲೇ ಸಂದ ಮನ್ನಣೆ

ನಾಯಕನಹಟ್ಟಿ ಸೀಮೆಯಲ್ಲಿ ಮನ್ನಣೆ ಬಹುಮಟ್ಟಿಗೆ ಅಗಲಿದವರಿಗೇ ಸಂದಿದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡರು ಪೂಜಿಸುವ ಗಾದ್ರಿ ಪಾಲನಾಯಕ ಹುಲಿಯೊಡನೆ ಸೆಣಸಿ ಮಡಿದವನು. ಕಾಡುಗೊಲ್ಲರ ಜುಂಜಪ್ಪ, ಎತ್ತಪ್ಪ ದನ ಕಾಯ್ದು ಬಾಳಿ, ಆಮೇಲೆ ದೇವರಾದವರು. ಫಾಲ್ಗುಣದಲ್ಲಿ ಜನಸಾಗರ ಸೇರುವ ನಾಯಕನಹಟ್ಟಿಯ ರಥೋತ್ಸವವೂ ಐಕ್ಯರಾದ ಗುರು ತಿಪ್ಪೇರುದ್ರಸ್ವಾಮಿಗೆ ಸಲ್ಲುವ ಸೇವೆ. ಆದರೆ ಆ ಸ್ವಾಮಿಯ ಹೆಸರಿನಲ್ಲಿ ಉಳಿದ ಮಾತು ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು. ಮಳೆ ಕಡಿಮೆಯ ಈ ಬಯಲಿನಲ್ಲಿ ಅವರು ಕೆರೆಗಳನ್ನು ಕಟ್ಟಿಸಿದರೆಂದು ಜನ ನಂಬುತ್ತಾರೆ. ದುಡಿದವರ ಪಾಲು ಅವರ ಕೈಗೇ ಸೇರಬೇಕೆಂಬ ನ್ಯಾಯ ‘ಮಾಡಿದಷ್ಟು ನೀಡು’ ಎಂಬ ಆ ಮಾತಿನಲ್ಲಿದೆ.

ಬದುಕಿರುವವರನ್ನು ಬಾಯ್ತುಂಬ ಹೊಗಳುವ ರೂಢಿಯನ್ನು ಉಳಿಸಿಕೊಂಡವರು ಹೆಂಗಸರು. ಬೀಸುಕಲ್ಲಿನ ಗೂಟ ಹಿಡಿದು ಎದುರುಬದುರು ಕೂತವರಲ್ಲಿ ಒಬ್ಬಳು ಪದ ಎತ್ತಿಕೊಂಡರೆ ಇನ್ನೊಬ್ಬಳು ದನಿಗೂಡಿಸುವಳು. ಹಿಟ್ಟು ಉದುರುತ್ತಿದ್ದಂತೆ ತವರು, ಹಡೆದವ್ವ, ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ತ್ರಿಪದಿಯೊಳಗೆ ಬಂದು ಹರಕೆ ಪಡೆಯುವರು. ಹಸೆಗೆ ಕೂತ ಮದುಮಕ್ಕಳಿಗೆ ಸೋಬಾನೆ. ಎಲ್ಲರನ್ನೂ ಹರಸಿದ ಹಾಡುಗಾರ್ತಿಯ ಹೆಸರು ಮಾತ್ರ ಹಟ್ಟಿಯಾಚೆ ಯಾರಿಗೂ ತಿಳಿಯದೆ ಹೋಗುತ್ತಿತ್ತು.

ಅಕ್ಷರಸ್ಥರ ಲೋಕದಲ್ಲೂ ಮನ್ನಣೆ ತಡವಾಗಿಯೇ ಬಂದದ್ದುಂಟು. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ಟಿ.ಎಸ್. ವೆಂಕಣ್ಣಯ್ಯ ಮೈಸೂರಿನಲ್ಲಿ ಕುವೆಂಪು ಅವರಿಗೆ ಗುರುಗಳಾಗಿದ್ದರು. 1939ರಲ್ಲಿ ಅವರು ತೀರಿಕೊಂಡಾಗ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಇನ್ನೂ ಮುಗಿದಿರಲಿಲ್ಲ. ಶಿಷ್ಯ ಅದನ್ನು ಅಗಲಿದ ಗುರುವಿಗೆ ಅರ್ಪಿಸಬೇಕಾಯಿತು. ಬಿ.ಎಂ.ಶ್ರೀ. ಅವರಿಗೆ 1941ರಲ್ಲಿ ‘ಸಂಭಾವನೆ’ ಗ್ರಂಥ ಅರ್ಪಣೆಯಾದ ಮೇಲೆ, ವಿದ್ವಾಂಸರು ಕಣ್ಣೆದುರಿಗೆ ಇರುವಾಗಲೇ ಅಭಿನಂದನ ಗ್ರಂಥ ಒಪ್ಪಿಸುವ ಪರಿಪಾಠ ಕನ್ನಡದಲ್ಲಿ ಬೆಳೆಯಿತು. ಆದರೂ ತಳುಕಿನ ಅದೇ ಮನೆತನದ ತ.ರಾ.ಸು. ಅವರ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ಅವರು ತೀರಿಕೊಂಡ ಮರುವರ್ಷ. ಚಿತ್ರದುರ್ಗದ ಪಾಳೆಯಗಾರರ ಕಥೆಗೆ ಕಾದಂಬರಿಯ ಮೇಲೆ ಕಾದಂಬರಿ ಬರೆದ ಲೇಖಕರ ಮಟ್ಟಿಗೆ ಇದು ನೋವಿನ ತಡ.

ಈ ಸಾಲಿಗೆ ಸೇರದ ಹೆಸರು ಸಿರಿಯಜ್ಜಿಯದು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಈ ಕಾಡುಗೊಲ್ಲ ಹೆಣ್ಣುಮಗಳು ಓದುಬರಹ ಕಲಿತವರಲ್ಲ. ಸಾವಿರಾರು ಪದಗಳು ಅವರ ನಾಲಗೆಯ ಮೇಲಿದ್ದವು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಅವರ ಬಾಯಿಂದ ಕೇಳಿದ ಹಾಡುಗಳು ‘ಸಾವಿರದ ಸಿರಿ ಬೆಳಗು’ ಪುಸ್ತಕದಲ್ಲಿ ನಾಡಿನ ಓದುಗರನ್ನು ತಲುಪಿದವು. ಇಂಥ ಕೆಲಸಕ್ಕೆ ಹಾಡುವವರು ಗಟ್ಟಿಯಾಗಿದ್ದಾಗಲೇ ಅವರ ಬಳಿ ಹೋಗಿ ಕೂರಬೇಕು. ಪದ ಮರೆತಾಗ ನೆನಪಿಸಿಕೊಳ್ಳಲು ಬಿಡುವು ಕೊಡಬೇಕು, ಅರ್ಥವಾಗದ ಮಾತನ್ನು ಅವರಿಂದಲೇ ಕೇಳಿ ತಿಳಿಯಬೇಕು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಿರಿಯಜ್ಜಿಗೆ ನಾಡೋಜ ಗೌರವ ಕೊಟ್ಟಿತು. ಗೌರವ ಡಾಕ್ಟರೇಟಿಗೆ ಸಮನಾದ ಅದು, ಆದಿಕವಿ ಪಂಪನಿಗಿದ್ದ ಬಿರುದಿನ ಹೆಸರು ಹೊತ್ತದ್ದು. ಹಟ್ಟಿಯ ಹಾಡುಗಾರ್ತಿಯೊಬ್ಬರು ಅದನ್ನು ತಮ್ಮ ಕೈಯಾರೆ ಪಡೆದರು.