ಐತಿಹಾಸಿಕ ನಾಟಕ ಮತ್ತು ಧಾರಾವಾಹಿಗಳ ಸಂಭಾಷಣೆ

ಐತಿಹಾಸಿಕ ಸಂಭಾಷಣೆ ಎಂದರೆ ಗತಕಾಲದ ಕಥೆಯನ್ನು ಹೇಳುವ ನಾಟಕ, ಚಲನಚಿತ್ರ ಮತ್ತು ದೂರದರ್ಶನ ಧಾರಾವಾಹಿಗಳಲ್ಲಿ ಪಾತ್ರಗಳು ಆಡುವ ಮಾತು. ಪಾತ್ರಗಳು ತಮ್ಮ ಕಾಲದ ಭಾಷೆಯನ್ನು ಆಡಬೇಕೆ, ನೋಡುವವರ ಕಾಲದ ಭಾಷೆಯನ್ನು ಆಡಬೇಕೆ ಎಂಬುದು ಈ ಪ್ರಕಾರದ ಹಳೆಯ ಪ್ರಶ್ನೆ. ಕನ್ನಡದಲ್ಲಿ ಪ್ರೇಕ್ಷಕರು 'ಹಳೆಯ ಕಾಲದ ಮಾತು' ಎಂದು ಗುರುತಿಸುವ ಗ್ರಾಂಥಿಕ ಶೈಲಿಯು ಬಹುಮಟ್ಟಿಗೆ ವೃತ್ತಿ ನಾಟಕ ಕಂಪನಿಗಳು ರೂಪಿಸಿದ್ದು. ಯಾವುದೇ ಶತಮಾನದಲ್ಲಿ ಜನರು ಹಾಗೆ ಮಾತನಾಡಿದ್ದಕ್ಕೆ ಆಧಾರವಿಲ್ಲ. ವೃತ್ತಿ ರಂಗಭೂಮಿಯ ಪ್ರಮುಖ ನೆಲೆಗಳಲ್ಲಿ ಒಂದಾದ ದಾವಣಗೆರೆ ಮತ್ತು ಅದರ ನೆರೆಯ ಹರಿಹರ, ಈ ಶೈಲಿ ಹಾಗೂ ಜನರ ಆಡುಮಾತಿನ ನಡುವಿನ ಅಂತರವನ್ನು ಕಾಣಲು ತಕ್ಕ ಸ್ಥಳಗಳು.

ರಂಗಭೂಮಿಯ ಹಿನ್ನೆಲೆ

1884ರಲ್ಲಿ ಆರಂಭವಾದ ಗುಬ್ಬಿ ಕಂಪನಿ ಮತ್ತು ಅದರ ಸಮಕಾಲೀನ ಮಂಡಳಿಗಳು ಪೌರಾಣಿಕ ಹಾಗೂ ಐತಿಹಾಸಿಕ ನಾಟಕಗಳಿಗೆ ಸಂಸ್ಕೃತಭೂಯಿಷ್ಠವಾದ, ಏರುದನಿಯಲ್ಲಿ ಹೇಳಲು ಒಗ್ಗುವ ಗದ್ಯವನ್ನು ಬೆಳೆಸಿದವು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಹಿಂದಿನ ಸಾಲಿನ ಪ್ರೇಕ್ಷಕನಿಗೂ ಪ್ರತಿ ಅಕ್ಷರ ತಲುಪಬೇಕಿದ್ದುದರಿಂದ 'ಮಾಡ್ತೀನಿ' ಎಂಬುದಕ್ಕಿಂತ 'ಮಾಡುತ್ತೇನೆ' ಎಂಬ ಬಿಡಿಸಿದ ರೂಪವೇ ಅನುಕೂಲವಾಗಿತ್ತು. ಉತ್ತರ ಕರ್ನಾಟಕದಲ್ಲಿ ಕಂದಗಲ್ ಹನುಮಂತರಾಯರ 'ರಕ್ತರಾತ್ರಿ', 'ಕುರುಕ್ಷೇತ್ರ' ಮುಂತಾದ ನಾಟಕಗಳ ದೀರ್ಘ ಸಂಭಾಷಣೆಗಳನ್ನು ಹಳ್ಳಿಯ ಹವ್ಯಾಸಿಗಳು ಹಾರ್ಮೋನಿಯಂ ಮಾಸ್ತರರ ಮುಂದೆ ಕುಳಿತು ಬಾಯಿಪಾಠ ಮಾಡಿ ಜಾತ್ರೆಗಳಲ್ಲಿ ಆಡುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದವರೂ ದುರ್ಯೋಧನನ ಮಾತನ್ನು ಉಚ್ಚಾರದೋಷವಿಲ್ಲದೆ ಒಪ್ಪಿಸುತ್ತಿದ್ದುದು ಈ ಶೈಲಿಯ ದೊಡ್ಡ ಸಾಧನೆ.

ಚಲನಚಿತ್ರವು ಇದನ್ನೇ ಮುಂದುವರಿಸಿತು. 'ರಣಧೀರ ಕಂಠೀರವ' (1960), 'ಇಮ್ಮಡಿ ಪುಲಿಕೇಶಿ' (1967), 'ಶ್ರೀ ಕೃಷ್ಣದೇವರಾಯ' (1970), 'ಮಯೂರ' (1975) ಚಿತ್ರಗಳ ನಾಯಕ ರಾಜಕುಮಾರ್ ಅವರು ಗುಬ್ಬಿ ಕಂಪನಿಯಲ್ಲಿ ಪಳಗಿದವರು. ನಾಲ್ಕನೆಯ ಶತಮಾನದ ಕದಂಬ ರಾಜ, ಏಳನೆಯ ಶತಮಾನದ ಚಾಲುಕ್ಯ, ಹದಿನಾರನೆಯ ಶತಮಾನದ ವಿಜಯನಗರದ ಅರಸ, ಹದಿನೇಳನೆಯ ಶತಮಾನದ ಮೈಸೂರಿನ ಒಡೆಯ, ಇವರೆಲ್ಲರೂ ಒಂದೇ ಕನ್ನಡವನ್ನು ಆಡುತ್ತಾರೆ. ಪ್ರೇಕ್ಷಕರಿಗೆ ಅದು ಅಸಹಜವೆನಿಸಲಿಲ್ಲ, ಏಕೆಂದರೆ ರಾಜನು ಹೀಗೆ ಮಾತನಾಡುತ್ತಾನೆ ಎಂಬುದನ್ನು ಅವರು ಡೇರೆಯಲ್ಲಿ ಮೊದಲೇ ಕೇಳಿದ್ದರು. ಧಾರಾವಾಹಿಗಳ ಕಾಲದಲ್ಲಿಯೂ 'ಈ ರಾಜ ಸರಿಯಾಗಿ ಮಾತನಾಡುತ್ತಿಲ್ಲ' ಎಂಬ ಆಕ್ಷೇಪದ ಹಿಂದೆ ಇರುವ ಅಳತೆಗೋಲು ಇತಿಹಾಸಕ್ಕಿಂತ ಹೆಚ್ಚಾಗಿ ಈ ಚಿತ್ರಗಳದೇ.

ದಾವಣಗೆರೆ ಮತ್ತು ಹರಿಹರ

ದಾವಣಗೆರೆಯು ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಚಿಂದೋಡಿ ವೀರಪ್ಪನವರ ನಂತರ ಅವರ ಮಗಳು ಚಿಂದೋಡಿ ಲೀಲಾ (ನಿಧನ 2010) ಕಂಪನಿಯ ಮುಖ್ಯ ನಟಿಯಾಗಿ, ಒಡತಿಯಾಗಿ ದಶಕಗಳ ಕಾಲ ಅದನ್ನು ನಡೆಸಿದರು. ಅವರಿಗೆ 1988ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಕಂಪನಿಯ ಅತ್ಯಂತ ಜನಪ್ರಿಯ ನಾಟಕಗಳಾದ 'ಹಳ್ಳಿ ಹುಡುಗಿ' ಮತ್ತು 'ಪೊಲೀಸನ ಮಗಳು' ಸಾಮಾಜಿಕ ನಾಟಕಗಳು. ಈಚಿನ ವರ್ಷಗಳಲ್ಲಿ ರಾಜ್ಯ ಸರ್ಕಾರವು ವೃತ್ತಿ ರಂಗಭೂಮಿಗೆ ಮೀಸಲಾದ ರಂಗಾಯಣವನ್ನು ದಾವಣಗೆರೆಗೆ ನೀಡಿದೆ.

ಕಂಪನಿ ನಾಟಕಗಳಲ್ಲಿ ಒಂದು ಅಲಿಖಿತ ನಿಯಮವಿತ್ತು. ಕುಲೀನ ಪಾತ್ರಗಳದು ಗ್ರಂಥದ ಭಾಷೆ. ಆಳು, ಕಾವಲುಗಾರ, ಹಾಸ್ಯಪಾತ್ರಗಳದು ಊರಿನ ಭಾಷೆ. ಸಂಸ್ಕೃತ ನಾಟಕಗಳಲ್ಲಿ ರಾಜನು ಸಂಸ್ಕೃತವನ್ನೂ ಸ್ತ್ರೀಯರು ಹಾಗೂ ಸೇವಕರು ಪ್ರಾಕೃತವನ್ನೂ ಆಡುತ್ತಿದ್ದ ಪದ್ಧತಿಯ ನೆರಳು ಇದರಲ್ಲಿದೆ. ಇದರ ಫಲವಾಗಿ ನೋಡುವವರ ಸ್ವಂತ ಮಾತು ರಂಗದ ಮೇಲೆ ಕೇಳಿಬಂದಾಗಲೆಲ್ಲ ನಗುವ ಸಂದರ್ಭವೇ ಆಗಿರುತ್ತಿತ್ತು. ಈ ರೂಢಿ ಧಾರಾವಾಹಿಗಳಿಗೂ ದಾಟಿದೆ.

ಈ ಭಾಗದ ಆಡುಮಾತು ಒಂದೇ ಬಗೆಯದಲ್ಲ. ದಾವಣಗೆರೆಗೆ ಸುಮಾರು 14 ಕಿ.ಮೀ. ದೂರದ ಹರಿಹರವು ತುಂಗಭದ್ರೆಯ ದಡದಲ್ಲಿದ್ದು, ಹಳೆಯ ಮೈಸೂರು ಸಂಸ್ಥಾನದ ಗಡಿಯ ಊರಾಗಿತ್ತು. ಹೊಳೆಯ ಆಚೆಯ ರಾಣೆಬೆನ್ನೂರು 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಉತ್ತರಕ್ಕಿರುವ ಹರಪನಹಳ್ಳಿಯು ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು, 1953ರವರೆಗೆ ಮದರಾಸಿನ ಆಡಳಿತದಲ್ಲಿತ್ತು. 'ಐತೆ' ಮತ್ತು 'ಐತಿ' ಎರಡೂ ಇಲ್ಲಿ ಕೇಳಿಬರುತ್ತವೆ. ಧಾರಾವಾಹಿಗಳಲ್ಲಿ ಮಾತ್ರ ಬೆಂಗಳೂರು–ಮೈಸೂರಿನ ಕನ್ನಡ ಒಂದು, 'ಉತ್ತರ ಕರ್ನಾಟಕದ ಭಾಷೆ' ಎಂಬ ಹೆಸರಿನ ಕಲಬೆರಕೆ ಇನ್ನೊಂದು. ನಡುನಾಡಿನ ಮಾತಿಗೆ ಸ್ಥಳವಿಲ್ಲ.

ಕಾಲಕ್ಕೆ ಹೊಂದದ ಪದಗಳು

ವೀಕ್ಷಕರ ನಡುವಿನ ವಾದಗಳಲ್ಲಿ ಸುಲಭವಾಗಿ ತೀರ್ಮಾನಕ್ಕೆ ಬರುವುದು ಪದಗಳ ಕಾಲದ ಪ್ರಶ್ನೆ. ಕುರ್ಚಿ, ಖಜಾನೆ, ದರ್ಬಾರು, ಹುಕುಂ, ಸಿಪಾಯಿ ಮುಂತಾದವು ಅರಬ್ಬಿ–ಪಾರಸಿ ಮೂಲದಿಂದ ಬಂದ ಪದಗಳು. ಪುಲಿಕೇಶಿಯ ಆಸ್ಥಾನದಲ್ಲಿ ಅವು ಇರಲಾರವು. ಶಾಸನಗಳ ಭಂಡಾರಿ, ದಂಡನಾಯಕ, ಬಿನ್ನಹ ಎಂಬ ಪದಗಳು ಅಲ್ಲಿ ಸಲ್ಲುತ್ತವೆ. ಹದಿನಾರನೆಯ ಶತಮಾನಕ್ಕೆ ಮುಂಚಿನ ಅಡುಗೆಮನೆಯ ದೃಶ್ಯದಲ್ಲಿ ಮೆಣಸಿನಕಾಯಿ ಕಾಣಿಸಬಾರದು. ಅದು ಪೋರ್ಚುಗೀಸರ ಮೂಲಕ ಬಂದದ್ದು. ಅದಕ್ಕೆ ಮೊದಲು ಖಾರಕ್ಕೆ ಇದ್ದದ್ದು ಕರಿಮೆಣಸು. ಮಂಡಕ್ಕಿ–ಮೆಣಸಿನಕಾಯಿಗೆ ಹೆಸರಾದ ದಾವಣಗೆರೆಯವರಿಗೆ ಇದು ಒಪ್ಪಿಕೊಳ್ಳಲು ಕಷ್ಟವಾದ ಸಂಗತಿಯೇ ಸರಿ.

ಇದಕ್ಕೆ ವಿರುದ್ಧವಾಗಿ, ನಿಜವಾಗಿ ಹಳೆಯದಾದ ಪದಗಳು ಕೈಬಿಟ್ಟುಹೋಗಿವೆ. ಒಡೆಯನ ಆಜ್ಞೆಗೆ ಸೇವಕನು ಒಪ್ಪಿಗೆಯಾಗಿ ಹೇಳುತ್ತಿದ್ದ 'ಹಸಾದ' ('ಪ್ರಸಾದ'ದ ತದ್ಭವ), ಒಡೆಯನನ್ನು ಕರೆಯುವ 'ಜೀಯ' ಎಂಬ ಪದಗಳು ನಡುಗನ್ನಡ ಕಾವ್ಯಗಳಲ್ಲಿ ಧಾರಾಳವಾಗಿವೆ. ಪರದೆಯ ಮೇಲೆ ಅವುಗಳ ಬದಲಿಗೆ ಎಲ್ಲೆಲ್ಲೂ 'ಅಪ್ಪಣೆ ಪ್ರಭು' ಎಂದೇ ಕೇಳುತ್ತದೆ. 'ಎಲವೋ' ಎಂಬುದನ್ನು ಕಂಪನಿ ನಾಟಕದ ಸೃಷ್ಟಿಯೆಂದು ಕೆಲವರು ಹಾಸ್ಯ ಮಾಡುವುದುಂಟು. ಅದು ಕುಮಾರವ್ಯಾಸನಲ್ಲಿಯೇ ಇದೆ.

ಆದರೆ ಕಾಲನಿಷ್ಠೆಗೆ ಒಂದು ಮಿತಿಯಿದೆ. ಹಳಗನ್ನಡದ ಪದಾದಿಯ ಪಕಾರವು ಕಾಲಕ್ರಮದಲ್ಲಿ ಹಕಾರವಾಯಿತು. ಮಯೂರನ ಕಾಲದವನು 'ಹಾಲು' ಎನ್ನದೆ 'ಪಾಲ್' ಎನ್ನಬೇಕಾಗುತ್ತದೆ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನವೇ (ಸುಮಾರು ಕ್ರಿ.ಶ. 450) ಮಯೂರನ ನಂತರದ್ದು. ಹಾಗೆ ಮಾಡಿದ ಚಿತ್ರವನ್ನು ನೋಡಲು ಪಂಡಿತರಷ್ಟೇ ಕುಳಿತಿರುತ್ತಿದ್ದರು.

ಬೈಗುಳದ ಪ್ರಶ್ನೆ

ಪದಗಳಿಗಿಂತ ಕಠಿಣವಾದದ್ದು ಬೈಗುಳದ ಪ್ರಶ್ನೆ. ಈ ಚರ್ಚೆಯಲ್ಲಿ ಜಗತ್ತಿನಾದ್ಯಂತ ಉದಾಹರಣೆಯಾಗಿ ಬರುವುದು ಡೇವಿಡ್ ಮಿಲ್ಚ್ ರೂಪಿಸಿದ ಅಮೆರಿಕದ ಧಾರಾವಾಹಿ 'ಡೆಡ್‌ವುಡ್'. ಎಚ್‌ಬಿಒ ವಾಹಿನಿಯಲ್ಲಿ 2004ರಿಂದ 2006ರವರೆಗೆ 36 ಕಂತುಗಳಲ್ಲಿ ಪ್ರಸಾರವಾದ ಇದಕ್ಕೆ 2019ರಲ್ಲಿ ಚಲನಚಿತ್ರವೊಂದು ಸಮಾಪ್ತಿಯಾಗಿ ಬಂತು. 1876ರ ಸುಮಾರಿಗೆ ಡಕೋಟಾ ಪ್ರಾಂತದ ಚಿನ್ನದ ಗಣಿಗಾರರ ಶಿಬಿರವೊಂದು ಕಾನೂನಿಲ್ಲದೆ ಹೇಗೆ ಊರಾಯಿತು ಎಂಬುದು ಅದರ ವಸ್ತು. ಪಾತ್ರಗಳು ಶೇಕ್ಸ್‌ಪಿಯರನ ನಾಟಕಗಳನ್ನು ನೆನಪಿಸುವ ಸುತ್ತುಬಳಸಿನ ದೀರ್ಘ ವಾಕ್ಯಗಳನ್ನು ಆಡುತ್ತವೆ; ಅದೇ ವಾಕ್ಯದಲ್ಲಿ ಅತ್ಯಂತ ಅಶ್ಲೀಲ ಪದಗಳೂ ಇರುತ್ತವೆ. ಆ ಪದಗಳು 1876ರಲ್ಲಿ ಆ ರೀತಿ ಬಳಕೆಯಲ್ಲಿರಲಿಲ್ಲವೆಂದು ಆಕ್ಷೇಪ ಬಂತು. ಆ ಕಾಲದ ಘೋರ ಬೈಗುಳಗಳು ದೈವನಿಂದೆಯ ಮಾತುಗಳಾಗಿದ್ದವು, ಇಂದಿನ ಕಿವಿಗೆ ಅವು ನಗೆಚಾಟಿಕೆಯಂತೆ ಕೇಳುತ್ತವೆ, ಆದ್ದರಿಂದ ಅಂದಿನ ಏಟನ್ನು ಮುಟ್ಟಿಸಲು ಇಂದಿನ ಪದಗಳೇ ಬೇಕು ಎಂಬುದು ಮಿಲ್ಚ್ ಅವರ ಸಮರ್ಥನೆ.

ಈ ಸಮರ್ಥನೆ ಕನ್ನಡಕ್ಕೂ ಚೆನ್ನಾಗಿ ಹೊಂದುತ್ತದೆ. ಎಸ್. ಎಲ್. ಭೈರಪ್ಪನವರ 'ಗೃಹಭಂಗ' (1970) ಕಾದಂಬರಿಯನ್ನು ಗಿರೀಶ ಕಾಸರವಳ್ಳಿಯವರು ಧಾರಾವಾಹಿಯಾಗಿ ನಿರ್ದೇಶಿಸಿದರು. ಇಪ್ಪತ್ತನೆಯ ಶತಮಾನದ ಮೊದಲ ಭಾಗದ ತಿಪಟೂರು ಸೀಮೆಯ ಈ ಕಥೆಯಲ್ಲಿ ಅತ್ತೆ ಗಂಗಮ್ಮನ ಬಾಯಿ ಪ್ರಸಿದ್ಧ. 'ಮುಂಡೆ' ಎಂಬುದು ವಿಧವೆಯನ್ನು ಸೂಚಿಸುವ ಪದ; ತಲೆ ಬೋಳಿಸಿ ಮನೆಯ ಮೂಲೆಗೆ ತಳ್ಳುವ ಪದ್ಧತಿ ಕಣ್ಣೆದುರಿಗಿದ್ದ ಕಾಲದಲ್ಲಿ ಮುತ್ತೈದೆಯನ್ನು ಹಾಗೆ ಕರೆಯುವುದು ಅವಳ ಗಂಡನ ಸಾವನ್ನು ಬಯಸಿದಂತೆ. ಈಗ ಅದು ಬರಿಯ ಒರಟು ಮಾತು. 'ಬರಬಾರದ್ದು ಬರ', 'ನಿನ್ನ ವಂಶ ನಿರ್ವಂಶವಾಗ' ಎಂಬ ಶಾಪಗಳೂ ಹಾಗೆಯೇ. ಪ್ಲೇಗು, ಕಾಲರಾಗಳಿಗೆ ಮನೆಮನೆಯೇ ಬರಿದಾಗುತ್ತಿದ್ದಾಗ ಅವು ನಡುಕ ಹುಟ್ಟಿಸುತ್ತಿದ್ದವು. ಇನ್ನೂ ಹಿಂದಿನ ದಾನಶಾಸನಗಳ ಕೊನೆಯಲ್ಲಿ ದತ್ತಿಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪವೆಂದು ಶಪಿಸುವುದು ವಾಡಿಕೆ. ಮಹಾರಾಷ್ಟ್ರ, ಗೋವಾಗಳ ಕತ್ತೆಶಾಪದ ಕಲ್ಲುಗಳಂತೂ ಯಾವ ವಾಹಿನಿಯೂ ತೋರಿಸಲಾರದ ಅಶ್ಲೀಲ ಶಿಲ್ಪವನ್ನು ರಾಜಾಜ್ಞೆಯಾಗಿಯೇ ನಿಲ್ಲಿಸಿವೆ. ನಮ್ಮ ಹಿರಿಯರು ಸಭ್ಯರಾಗಿಯೇ ಮಾತನಾಡುತ್ತಿದ್ದರೆಂಬುದು ಕಂಪನಿ ನಾಟಕ ಕೊಟ್ಟ ಭ್ರಮೆ.

ಸಂಬೋಧನೆ ಮತ್ತು ಜಾತಿ

ಕಾಲದ ಭಾಷೆಯಲ್ಲಿ ಹೆಚ್ಚು ನೋವಿನ ಭಾಗವೆಂದರೆ ಯಾರು ಯಾರನ್ನು ಹೇಗೆ ಕರೆಯುತ್ತಿದ್ದರು ಎಂಬುದು. ಹಳಗನ್ನಡ ಕಾವ್ಯಗಳಲ್ಲಿ ರಾಜನನ್ನೂ 'ದೇವಾ' ಎಂದು ಕರೆದು ಏಕವಚನದಲ್ಲಿ ಮಾತನಾಡಿಸುವುದು ಸಾಮಾನ್ಯ. ವಚನಕಾರರು ದೇವರನ್ನೇ ಏಕವಚನದಲ್ಲಿ ಕರೆದರು. ಆದರೆ ಈಚಿನ ಶತಮಾನಗಳ ಹಳ್ಳಿಯಲ್ಲಿ ಏಕವಚನವು ಜಾತಿಯ ಗುರುತಾಗಿತ್ತು: ಮೇಲಿನ ಜಾತಿಯ ಹುಡುಗನು ಕೆಳಗಿನ ಜಾತಿಯ ಮುದುಕನನ್ನು ಜಾತಿಯ ಹೆಸರಿನಿಂದ ಕೂಗುತ್ತಿದ್ದ, ಮುದುಕನು 'ಬುದ್ಧಿ' ಎಂದು ಉತ್ತರಿಸುತ್ತಿದ್ದ. ಅದನ್ನು ಇದ್ದ ಹಾಗೆಯೇ ಪರದೆಗೆ ತಂದರೆ ಕೇಳುವವರಿಗೆ ಅವಮಾನ; ಬಿಟ್ಟರೆ ಅಂಥ ಅವಮಾನ ನಡೆದೇ ಇರಲಿಲ್ಲವೆಂಬ ಸುಳ್ಳು. ಐತಿಹಾಸಿಕ ಧಾರಾವಾಹಿಗಳು ಸಾಮಾನ್ಯವಾಗಿ ಎರಡನೆಯ ದಾರಿಯನ್ನೇ ಹಿಡಿದಿವೆ. 2020ರಿಂದ ಜೀ ಕನ್ನಡದಲ್ಲಿ ಪ್ರಸಾರವಾದ, ಅಂಬೇಡ್ಕರ್ ಜೀವನದ ಡಬ್ ಆದ ಧಾರಾವಾಹಿ 'ಮಹಾನಾಯಕ' ಈ ವಿಷಯವನ್ನೇ ಕಥೆಯ ನಡುವಿಗೆ ತಂದಿತು. ರಾಜ್ಯದ ಹಲವು ಹಳ್ಳಿಗಳಲ್ಲಿ ಅದರ ವೀಕ್ಷಕರು ಬ್ಯಾನರ್ ಕಟ್ಟಿ ಸ್ವಾಗತಿಸಿದರು. ಅದರ ಕನ್ನಡ ಗ್ರಾಂಥಿಕವೆಂಬ ಕೊರತೆಯನ್ನು ಆ ವೀಕ್ಷಕರು ಎಣಿಸಿದಂತೆ ಕಾಣುವುದಿಲ್ಲ.

ಆಡುಮಾತಿನ ಲಿಖಿತ ಕುರುಹುಗಳು

ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವನು ಕಟ್ಟಿಸಿದ. ಅಲ್ಲಿನ ಶಾಸನಗಳು ಆ ಕಾಲದ ಕನ್ನಡದ ನೇರ ಸಾಕ್ಷಿಗಳು. ಆದರೆ ಅದು ಕವಿಗಳ ಮತ್ತು ಕರಣಿಕರ ಕನ್ನಡ. ದೇವಾಲಯದ ಕಲ್ಲುಕುಟಿಗರು ಕೆಲಸದ ನಡುವೆ ಏನು ಮಾತನಾಡಿಕೊಂಡರೆಂಬುದು ಆ ಕಲ್ಲುಗಳಲ್ಲಿಲ್ಲ. ಹನ್ನೆರಡನೆಯ ಶತಮಾನದ ಆಡುಮಾತಿಗೆ ಹತ್ತಿರವಾದವು ವಚನಗಳು. ಅವೂ ನಂತರದ ಕಾಲದಲ್ಲಿ ಸಂಕಲನಗೊಂಡವು.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಆಕರಗಳು ಹೆಚ್ಚುತ್ತವೆ. ಕರ್ನಲ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳಲ್ಲಿ ಊರಿನ ಹಿರಿಯರು ಹೇಳಿದ್ದನ್ನು ಶಾನುಭೋಗರು ಬರೆದ ಗದ್ಯವಿದೆ. ಅದರಲ್ಲಿ ಪಾರಸಿ, ಮರಾಠಿ ಪದಗಳು ಕನ್ನಡದೊಡನೆ ಸಲೀಸಾಗಿ ಬೆರೆತಿವೆ. ಪಾಳೆಯಗಾರರ ಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗಲಾರದು. ಎಂ. ಎಂ. ಕಲಬುರ್ಗಿಯವರು ಇವುಗಳನ್ನು ಸಂಪಾದಿಸಿದ್ದಾರೆ. 1887ರ 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ'ದಲ್ಲಿ ಸೂರಿ ವೆಂಕಟರಮಣ ಶಾಸ್ತ್ರಿಗಳು ಹವ್ಯಕರ ಮನೆಮಾತನ್ನೇ ಬಳಸಿದರು. ಕಿಟ್ಟೆಲ್ ನಿಘಂಟು (1894) ಆಡುಮಾತಿನ ಅಪಾರ ಪದಗಳನ್ನು ದಾಖಲಿಸಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ ಮತ್ತು ಕಾವ್ಯಗಳಿಂದ ಪ್ರಯೋಗಗಳನ್ನು ಕೊಡುವುದರಿಂದ, ಒಂದು ಪದ ಯಾವ ಕಾಲದ ಬರಹದಲ್ಲಿ ಕಾಣಿಸುತ್ತದೆಂದು ಯಾವ ವೀಕ್ಷಕನಾದರೂ ತಾನೇ ನೋಡಿಕೊಳ್ಳಬಹುದು.

ಗ್ರಾಂಥಿಕ ಶೈಲಿಯನ್ನು ಬಿಟ್ಟು ಗೆದ್ದ ಪ್ರಯತ್ನಗಳೂ ಇವೆ. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'ಯಲ್ಲಿ ಉತ್ತರದ ಆಡುಮಾತು ಹಾಸ್ಯಪಾತ್ರಗಳಿಗೆ ಸೀಮಿತವಾಗದೆ ಇಡೀ ನಾಟಕದ ಭಾಷೆಯಾಯಿತು. ಟಿ. ಎಸ್. ನಾಗಾಭರಣ ನಿರ್ದೇಶನದ 'ಸಂತ ಶಿಶುನಾಳ ಶರೀಫ' (1990) ಚಿತ್ರದಲ್ಲಿ 1819ರಿಂದ 1889ರವರೆಗೆ ಬದುಕಿದ್ದ ಸಂತನು ತನ್ನ ಸೀಮೆಯ ಮಾತನ್ನೇ ಆಡುತ್ತಾನೆ. ಅವರದೇ 'ನಾಗಮಂಡಲ'ಕ್ಕೆ (1997) ಗೋಪಾಲ ವಾಜಪೇಯಿಯವರು ಬರೆದ ಸಂಭಾಷಣೆಯೂ ಅದೇ ಬಗೆಯದು. ಹರಿಹರದ ಸೇತುವೆ ದಾಟಿದರೆ ಸಿಗುವುದು ಶರೀಫರ ಊರಿರುವ ಹಾವೇರಿ ಜಿಲ್ಲೆಯೇ.