ಖಾಲಿ ಮನೆಗಳ ಅಕ್ರಮ ಸ್ವಾಧೀನ (ಭಾರತ)

ಖಾಲಿ ಮನೆಗಳ ಅಕ್ರಮ ಸ್ವಾಧೀನ ಎಂದರೆ ಮಾಲೀಕರು ವಾಸವಿಲ್ಲದ ಅಥವಾ ಬೀಗ ಹಾಕಿ ಬಿಟ್ಟಿರುವ ಮನೆಯನ್ನು ಅವರ ಒಪ್ಪಿಗೆಯಿಲ್ಲದೆ ಬೇರೆಯವರು ಪ್ರವೇಶಿಸಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವುದು. ಭಾರತದಲ್ಲಿ ಇದಕ್ಕೆ ಪ್ರತ್ಯೇಕವಾದ ಒಂದೇ ಕಾನೂನು ಇಲ್ಲ. ಕಾಲಮಿತಿ ಕಾಯ್ದೆ (1963), ನಿರ್ದಿಷ್ಟ ಪರಿಹಾರ ಕಾಯ್ದೆ (1963), ಭಾರತೀಯ ನ್ಯಾಯ ಸಂಹಿತೆ (2023) ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (2023) ಇವುಗಳ ವಿವಿಧ ವಿಧಿಗಳು ಈ ವಿಷಯಕ್ಕೆ ಅನ್ವಯವಾಗುತ್ತವೆ. ಮಾಲೀಕರಿಗೆ ದೊರೆಯುವ ಪರಿಹಾರವು ಅವರ ಬಳಿಯಿರುವ ದಾಖಲೆಗಳನ್ನಷ್ಟೇ ಅಲ್ಲದೆ, ಅವರು ಎಷ್ಟು ಬೇಗ ಕ್ರಮಕ್ಕೆ ಮುಂದಾದರು ಎಂಬುದನ್ನೂ ಅವಲಂಬಿಸಿದೆ. ಹನ್ನೆರಡು ವರ್ಷಗಳ ನಿರ್ಲಕ್ಷ್ಯವು ಮಾಲೀಕತ್ವವನ್ನೇ ಕಳೆಯಬಲ್ಲದು.

ಹಿನ್ನೆಲೆ

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.4 ಕೋಟಿಗೂ ಹೆಚ್ಚು ಮನೆಗಳು ಖಾಲಿಯಿದ್ದವು. ಉದ್ಯೋಗಕ್ಕಾಗಿ ಬೇರೆ ಊರು ಅಥವಾ ವಿದೇಶಕ್ಕೆ ಹೋದವರ ಮನೆಗಳು, ವಾರಸುದಾರರ ನಡುವೆ ಪಾಲಾಗದೆ ಉಳಿದ ಪಿತ್ರಾರ್ಜಿತ ಮನೆಗಳು ಮತ್ತು ಹೂಡಿಕೆಗಾಗಿ ಕೊಂಡ ಮನೆಗಳು ಅತಿಕ್ರಮಣಕ್ಕೆ ಸುಲಭವಾಗಿ ತುತ್ತಾಗುತ್ತವೆ.

ಅಕ್ರಮ ಸ್ವಾಧೀನವು ಮುಖ್ಯವಾಗಿ ಮೂರು ರೀತಿಯಲ್ಲಿ ನಡೆಯುತ್ತದೆ. ಮೊದಲನೆಯದು ಬೀಗ ಮುರಿದು ನೇರವಾಗಿ ಪ್ರವೇಶಿಸುವುದು. ಎರಡನೆಯದು ನಕಲಿ ಕ್ರಯಪತ್ರ, ಕರಾರು ಅಥವಾ ಅಧಿಕಾರ ಪತ್ರ (ಜಿಪಿಎ) ಸೃಷ್ಟಿಸಿ ಹಕ್ಕು ಸಾಧಿಸುವುದು. ಮೂರನೆಯದು ಕಾವಲುಗಾರ, ಬಂಧು ಅಥವಾ ಬಾಡಿಗೆದಾರರಾಗಿ ಒಪ್ಪಿಗೆಯಿಂದ ಬಂದವರು ಅವಧಿ ಮುಗಿದರೂ ಬಿಟ್ಟುಹೋಗದಿರುವುದು. ಮೂರನೆಯ ವರ್ಗಕ್ಕೆ ಅನ್ವಯವಾಗುವ ನಿಯಮಗಳು ಮೊದಲೆರಡಕ್ಕಿಂತ ಭಿನ್ನ.

ಮಾಲೀಕತ್ವ ಮತ್ತು ಸ್ವಾಧೀನ

ಭಾರತೀಯ ಕಾನೂನು ಮಾಲೀಕತ್ವವನ್ನೂ ಸ್ವಾಧೀನವನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಹಕ್ಕುಪತ್ರ ಇಲ್ಲದಿದ್ದರೂ ಸ್ಥಿರವಾಗಿ ನೆಲೆಗೊಂಡ ಸ್ವಾಧೀನಕ್ಕೆ ಕಾನೂನಿನ ರಕ್ಷಣೆ ಇದೆ. ಕರ್ನಾಟಕದಿಂದ ಹೋದ ರಾಮೇಗೌಡ ವಿರುದ್ಧ ಎಂ. ವರದಪ್ಪ ನಾಯ್ಡು ಪ್ರಕರಣದಲ್ಲಿ (2003) ಸರ್ವೋಚ್ಚ ನ್ಯಾಯಾಲಯವು ಈ ತತ್ತ್ವವನ್ನು ವಿವರಿಸಿತು. ಅದರಂತೆ, ಅತಿಕ್ರಮಣಕಾರನ ಸ್ವಾಧೀನ ನೆಲೆಗೊಳ್ಳುವ ಮೊದಲು ಮಾಲೀಕನು ಅಗತ್ಯವಿರುವಷ್ಟೇ ಬಲ ಬಳಸಿ ಅವನನ್ನು ಹೊರಹಾಕಬಹುದು. ಸ್ವಾಧೀನ ನೆಲೆಗೊಂಡ ನಂತರ ಮಾಲೀಕನೂ ನ್ಯಾಯಾಲಯದ ಮೂಲಕವೇ ಅದನ್ನು ಮರಳಿ ಪಡೆಯಬೇಕು.

ಸ್ವಾಧೀನ ಯಾವಾಗ ನೆಲೆಗೊಳ್ಳುತ್ತದೆ ಎಂಬುದಕ್ಕೆ ಇಂತಿಷ್ಟು ದಿನ ಎಂಬ ನಿಯಮವಿಲ್ಲ. ಅದು ವಾಸ್ತವವಾದದ್ದಾಗಿ, ಅಡೆತಡೆಯಿಲ್ಲದೆ, ಮಾಲೀಕನಿಗೆ ತಿಳಿದಂತೆ ಅಥವಾ ಮುಚ್ಚುಮರೆಯಿಲ್ಲದೆ ಸಾಕಷ್ಟು ಕಾಲ ಮುಂದುವರಿದಿರಬೇಕು. ಆಗೊಮ್ಮೆ ಈಗೊಮ್ಮೆ ಒಳನುಗ್ಗಿದ ಮಾತ್ರಕ್ಕೆ ಸ್ವಾಧೀನ ನೆಲೆಗೊಂಡಂತಾಗುವುದಿಲ್ಲ.

ಮಾಲೀಕರಿಗಿರುವ ಪರಿಹಾರಗಳು

ಪ್ರವೇಶದ ಸಂದರ್ಭದಲ್ಲಿ: ಅತಿಕ್ರಮಣ ಗಮನಕ್ಕೆ ಬಂದ ಕೂಡಲೇ ಪೊಲೀಸರಿಗೆ ಲಿಖಿತ ದೂರು ನೀಡುವುದು ಮೊದಲ ಹೆಜ್ಜೆ. ಕ್ರಯಪತ್ರ, ಖಾತೆ, ತೆರಿಗೆ ರಸೀದಿ ಮತ್ತು ವಿದ್ಯುತ್ ಬಿಲ್ಲುಗಳು ಅಲ್ಲಿಯವರೆಗೆ ಮನೆ ಯಾರ ವಶದಲ್ಲಿತ್ತು ಎಂಬುದನ್ನು ತೋರಿಸಲು ನೆರವಾಗುತ್ತವೆ.

ಎರಡು ತಿಂಗಳೊಳಗೆ: ವಿವಾದದಿಂದ ಶಾಂತಿಭಂಗವಾಗುವ ಸಂಭವವಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 164ನೇ ಕಲಮಿನಡಿ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 145ನೇ ಕಲಮು) ಕಾರ್ಯನಿರ್ವಾಹಕ ದಂಡಾಧಿಕಾರಿಯು ಯಾರ ಸ್ವಾಧೀನದಲ್ಲಿ ಸ್ವತ್ತು ಇದೆ ಎಂದು ವಿಚಾರಣೆ ನಡೆಸಬಹುದು. ಪೊಲೀಸ್ ವರದಿ ಅಥವಾ ಇತರ ಮಾಹಿತಿ ದಂಡಾಧಿಕಾರಿಗೆ ತಲಪಿದ ದಿನಕ್ಕೆ ಹಿಂದಿನ ಎರಡು ತಿಂಗಳೊಳಗೆ ಬಲವಂತದಿಂದ ಹೊರಹಾಕಲ್ಪಟ್ಟವರನ್ನು ಸ್ವಾಧೀನದಲ್ಲಿ ಇದ್ದವರೆಂದೇ ಪರಿಗಣಿಸಲು ಈ ಕಲಮು ಅವಕಾಶ ನೀಡುತ್ತದೆ. ಇಲ್ಲಿ ಮಾಲೀಕತ್ವದ ಪ್ರಶ್ನೆ ತೀರ್ಮಾನವಾಗುವುದಿಲ್ಲ. ಅದೇ ವಿಷಯ ಸಿವಿಲ್ ನ್ಯಾಯಾಲಯದ ಮುಂದಿದ್ದರೆ ಈ ಕ್ರಮವನ್ನು ಸಾಮಾನ್ಯವಾಗಿ ಮುಂದುವರಿಸುವುದಿಲ್ಲ.

ಆರು ತಿಂಗಳೊಳಗೆ: ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ, ಕಾನೂನಿನ ಕ್ರಮವಿಲ್ಲದೆ ಸ್ವಾಧೀನ ಕಳೆದುಕೊಂಡವರು ಆರು ತಿಂಗಳೊಳಗೆ ದಾವೆ ಹೂಡಿ ಅದನ್ನು ಮರಳಿ ಪಡೆಯಬಹುದು. ಈ ದಾವೆಯಲ್ಲಿ ವಾದಿಯು ಮಾಲೀಕತ್ವವನ್ನು ರುಜುವಾತುಪಡಿಸಬೇಕಾಗಿಲ್ಲ; ಹಿಂದೆ ಸ್ವಾಧೀನ ತನ್ನದಾಗಿತ್ತು ಮತ್ತು ಅದನ್ನು ಅಕ್ರಮವಾಗಿ ಕಸಿಯಲಾಯಿತು ಎಂದು ತೋರಿಸಿದರೆ ಸಾಕು. ಇದರ ತೀರ್ಪಿನ ವಿರುದ್ಧ ಮೇಲ್ಮನವಿಗೆ ಅವಕಾಶವಿಲ್ಲ. ಸೋತವರು ಮಾಲೀಕತ್ವದ ಆಧಾರದ ಮೇಲೆ ಪ್ರತ್ಯೇಕ ದಾವೆ ಹೂಡಬಹುದು. ಇದೇ ಕಲಮು ಮಾಲೀಕರ ವಿರುದ್ಧವೂ ಬಳಕೆಯಾಗುತ್ತದೆ. ಸ್ವಾಧೀನ ನೆಲೆಗೊಂಡಿದ್ದವರನ್ನು ಮಾಲೀಕರು ಬಲವಂತದಿಂದ ಹೊರಹಾಕಿದರೆ, ಅವರನ್ನು ಮತ್ತೆ ಒಳಗೆ ಬಿಡಬೇಕೆಂದು ನ್ಯಾಯಾಲಯ ಆದೇಶಿಸಬಹುದು.

ಹನ್ನೆರಡು ವರ್ಷಗಳೊಳಗೆ: ಆರು ತಿಂಗಳು ಕಳೆದ ಬಳಿಕ ಮಾಲೀಕತ್ವದ ಆಧಾರದ ಮೇಲೆ ಸ್ವಾಧೀನಕ್ಕಾಗಿ ಸಾಮಾನ್ಯ ಸಿವಿಲ್ ದಾವೆ ಹೂಡಬೇಕು. ಸ್ವಾಧೀನ ಕಳೆದುಕೊಂಡವರಿಗೆ ಬರೀ ನಿರ್ಬಂಧಕಾಜ್ಞೆ ಕೋರುವ ದಾವೆ ಸಾಲದು. ಸ್ವಾಧೀನವನ್ನು ಮರಳಿಸುವಂತೆ ಕೋರಬೇಕು. ಎದುರಾಳಿಯು ಮಾಲೀಕತ್ವವನ್ನೇ ಗಂಭೀರವಾಗಿ ಪ್ರಶ್ನಿಸಿದ್ದರೆ ಹಕ್ಕು ಘೋಷಣೆಯನ್ನೂ ಕೋರಬೇಕೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಸ್ಪಷ್ಟಪಡಿಸಿದೆ. ಅಕ್ರಮವಾಗಿ ಅನುಭವಿಸಿದ ಅವಧಿಗೆ ಪರಿಹಾರಧನವನ್ನೂ ಕೇಳಬಹುದು.

ಪ್ರತಿಕೂಲ ಸ್ವಾಧೀನ

ಕಾಲಮಿತಿ ಕಾಯ್ದೆಯ 65ನೇ ಅನುಚ್ಛೇದದ ಪ್ರಕಾರ, ಎದುರಾಳಿಯ ಸ್ವಾಧೀನವು ಮಾಲೀಕರಿಗೆ ಪ್ರತಿಕೂಲವಾದ ದಿನದಿಂದ ಹನ್ನೆರಡು ವರ್ಷಗಳೊಳಗೆ ದಾವೆ ಹೂಡಬೇಕು. ಸರ್ಕಾರಿ ಸ್ವತ್ತಿಗೆ ಈ ಅವಧಿ ಮೂವತ್ತು ವರ್ಷ. ಅವಧಿ ಮುಗಿದರೆ 27ನೇ ಕಲಮಿನಂತೆ ಮಾಲೀಕರ ಹಕ್ಕೇ ನಶಿಸುತ್ತದೆ. ನೋಟಿಸು ಕಳುಹಿಸಿದ ಅಥವಾ ದೂರು ಕೊಟ್ಟ ಮಾತ್ರಕ್ಕೆ ಈ ಅವಧಿ ನಿಲ್ಲುವುದಿಲ್ಲ.

ಕೇವಲ ದೀರ್ಘಕಾಲದ ವಾಸವು ಪ್ರತಿಕೂಲ ಸ್ವಾಧೀನವಲ್ಲ. ಸ್ವಾಧೀನವು ಬಹಿರಂಗವಾಗಿ, ಅವಿಚ್ಛಿನ್ನವಾಗಿ ಮತ್ತು ನಿಜವಾದ ಮಾಲೀಕರ ಹಕ್ಕನ್ನು ಅಲ್ಲಗಳೆಯುವ ಉದ್ದೇಶದಿಂದ ಕೂಡಿರಬೇಕು. ಇದನ್ನು ರುಜುವಾತುಪಡಿಸುವ ಹೊಣೆ ಹಾಗೆಂದು ವಾದಿಸುವವರದ್ದು. ಕರ್ನಾಟಕ ವಕ್ಫ್ ಮಂಡಳಿ ವಿರುದ್ಧ ಭಾರತ ಸರ್ಕಾರ (2004) ಮತ್ತು ಪಿ.ಟಿ. ಮುನಿಚಿಕ್ಕಣ್ಣ ರೆಡ್ಡಿ ವಿರುದ್ಧ ರೇವಮ್ಮ (2007) ಪ್ರಕರಣಗಳು ಈ ವಿಷಯದಲ್ಲಿ ಆಗಾಗ ಉಲ್ಲೇಖಗೊಳ್ಳುತ್ತವೆ. ಎರಡನೆಯ ತೀರ್ಪು ಸ್ವತ್ತಿನ ಹಕ್ಕನ್ನು ಮಾನವ ಹಕ್ಕಿನ ದೃಷ್ಟಿಯಿಂದಲೂ ಪರಿಶೀಲಿಸಿತು.

ಹಿಂದೆ ಪ್ರತಿಕೂಲ ಸ್ವಾಧೀನವನ್ನು ಪ್ರತಿವಾದಿಯ ರಕ್ಷಣೆಯಾಗಿ ಮಾತ್ರ ಬಳಸಬಹುದು ಎಂಬ ಅಭಿಪ್ರಾಯವಿತ್ತು. ರವೀಂದರ್ ಕೌರ್ ಗ್ರೇವಾಲ್ ವಿರುದ್ಧ ಮಂಜೀತ್ ಕೌರ್ ಪ್ರಕರಣದಲ್ಲಿ (2019) ಸರ್ವೋಚ್ಚ ನ್ಯಾಯಾಲಯವು, ಈ ಆಧಾರದ ಮೇಲೆ ವಾದಿಯಾಗಿಯೂ ದಾವೆ ಹೂಡಬಹುದು ಎಂದು ತೀರ್ಪಿತ್ತಿತು.

ಕಾವಲುಗಾರರು, ಬಂಧುಗಳು ಮತ್ತು ಬಾಡಿಗೆದಾರರು

ಒಪ್ಪಿಗೆಯಿಂದ ಆರಂಭವಾದ ಸ್ವಾಧೀನವು ಎಷ್ಟೇ ದೀರ್ಘವಾಗಿದ್ದರೂ ತಾನಾಗಿಯೇ ಪ್ರತಿಕೂಲವಾಗುವುದಿಲ್ಲ. ಕಾವಲುಗಾರ, ಸೇವಕ ಅಥವಾ ಪ್ರತಿನಿಧಿಯು ಮಾಲೀಕರ ಪರವಾಗಿಯೇ ಸ್ವತ್ತನ್ನು ಇಟ್ಟುಕೊಂಡಿರುತ್ತಾನೆ. ದೀರ್ಘಕಾಲ ಇದ್ದ ಮಾತ್ರಕ್ಕೆ ಕಾವಲುಗಾರನಿಗೆ ಸ್ವತ್ತಿನಲ್ಲಿ ಹಕ್ಕು ಹುಟ್ಟುವುದಿಲ್ಲ ಎಂದು ಗೋವಾದ ಮನೆಯೊಂದಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಹೇಳಿದೆ. ಸಹ-ಮಾಲೀಕರಲ್ಲಿ ಒಬ್ಬರ ಸ್ವಾಧೀನವನ್ನು ಎಲ್ಲರ ಪರವಾದ ಸ್ವಾಧೀನವೆಂದೇ ಭಾವಿಸಲಾಗುತ್ತದೆ. ಉಳಿದವರ ಹಕ್ಕನ್ನು ಬಹಿರಂಗವಾಗಿ ನಿರಾಕರಿಸಿದ್ದಕ್ಕೆ ಸಾಕ್ಷ್ಯ ಬೇಕು. ಅವಧಿ ಮೀರಿ ಉಳಿದ ಬಾಡಿಗೆದಾರರನ್ನು ಬಾಡಿಗೆ ಕಾನೂನು ಅಥವಾ ಸ್ವತ್ತು ವರ್ಗಾವಣೆ ಕಾಯ್ದೆಯಂತೆ (1882) ತೆರವುಗೊಳಿಸಬೇಕಾಗುತ್ತದೆ.

ಅಪರಾಧ ಕಾನೂನು

ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮು ಅಪರಾಧಿಕ ಅತಿಕ್ರಮ ಪ್ರವೇಶವನ್ನು ವಿವರಿಸುತ್ತದೆ. ಕಾನೂನುಬದ್ಧವಾಗಿ ಪ್ರವೇಶಿಸಿ, ನಂತರ ದುರುದ್ದೇಶದಿಂದ ಅಕ್ರಮವಾಗಿ ಅಲ್ಲೇ ಉಳಿಯುವುದೂ ಇದರಲ್ಲಿ ಸೇರಿದೆ. ಸಾಮಾನ್ಯ ಅತಿಕ್ರಮ ಪ್ರವೇಶಕ್ಕೆ ಮೂರು ತಿಂಗಳವರೆಗೆ, ಗೃಹ ಅತಿಕ್ರಮ ಪ್ರವೇಶಕ್ಕೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ನಕಲಿ ದಾಖಲೆ ಸೃಷ್ಟಿಸಿದ್ದರೆ ಹೆಚ್ಚು ಕಠಿಣ ಶಿಕ್ಷೆಯಿರುವ ವಿಧಿಗಳು ಅನ್ವಯವಾಗುತ್ತವೆ. ಮೇಲ್ನೋಟಕ್ಕೆ ಇಬ್ಬರ ಬಳಿಯೂ ದಾಖಲೆಗಳಿದ್ದರೆ, ಇದು ಸಿವಿಲ್ ವ್ಯಾಜ್ಯವೆಂದು ಪೊಲೀಸರು ಮಧ್ಯಪ್ರವೇಶಿಸಲು ಹಿಂಜರಿಯುವುದುಂಟು.

ಕರ್ನಾಟಕದಲ್ಲಿ

ಕರ್ನಾಟಕ ಭೂ ಕಬಳಿಕೆ ನಿಷೇಧ ಕಾಯ್ದೆ (2011) ವಿಶೇಷ ನ್ಯಾಯಾಲಯಕ್ಕೆ ಅವಕಾಶ ಕಲ್ಪಿಸಿದೆ. ಆದರೆ ಅದು ಸರ್ಕಾರ, ಸ್ಥಳೀಯ ಸಂಸ್ಥೆಗಳು, ವಕ್ಫ್ ಮತ್ತು ಧಾರ್ಮಿಕ ಸಂಸ್ಥೆಗಳಂತಹವುಗಳ ಜಮೀನಿಗೆ ಸಂಬಂಧಿಸಿದ್ದು. ಖಾಸಗಿ ವ್ಯಕ್ತಿಗಳ ಮನೆಗಳು ಅದರ ವ್ಯಾಪ್ತಿಗೆ ಬಾರದ ಕಾರಣ, ಅವುಗಳ ಮಾಲೀಕರು ಮೇಲೆ ಹೇಳಿದ ಸಾಮಾನ್ಯ ಕಾನೂನನ್ನೇ ಆಶ್ರಯಿಸಬೇಕು. ಇದಕ್ಕೆ ಭಿನ್ನವಾಗಿ ಆಂಧ್ರಪ್ರದೇಶದ 1982ರ ಮತ್ತು ಗುಜರಾತಿನ 2020ರ ಕಾಯ್ದೆಗಳು ಖಾಸಗಿ ಜಮೀನನ್ನೂ ಒಳಗೊಂಡಿವೆ.

ಮುನ್ನೆಚ್ಚರಿಕೆಗಳು

ಖಾಲಿ ಮನೆಯ ಮಾಲೀಕರು ಸಾಮಾನ್ಯವಾಗಿ ಅನುಸರಿಸುವ ಕ್ರಮಗಳು ಹೀಗಿವೆ:

• ಆಗಾಗ ಮನೆಗೆ ಭೇಟಿ ನೀಡಿ, ದಿನಾಂಕವಿರುವ ಛಾಯಾಚಿತ್ರಗಳನ್ನು ಇಟ್ಟುಕೊಳ್ಳುವುದು.
• ಆಸ್ತಿ ತೆರಿಗೆ, ನೀರು ಮತ್ತು ವಿದ್ಯುತ್ ಬಿಲ್ಲುಗಳನ್ನು ತಮ್ಮ ಹೆಸರಿನಲ್ಲೇ ಪಾವತಿಸುವುದು.
• ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ ಜಾಲತಾಣದಂತಹ ವ್ಯವಸ್ಥೆಯಲ್ಲಿ ಋಣಭಾರ ಪ್ರಮಾಣಪತ್ರ ಪಡೆದು, ತಮಗೆ ತಿಳಿಯದ ನೋಂದಣಿ ನಡೆದಿದೆಯೇ ಎಂದು ಪರಿಶೀಲಿಸುವುದು.
• ಕಾವಲುಗಾರ ಅಥವಾ ಬಂಧುವನ್ನು ಇರಿಸುವಾಗ, ಅದು ಒಪ್ಪಿಗೆಯ ವಾಸ ಮಾತ್ರ ಎಂದು ಲಿಖಿತ ಕರಾರು ಮಾಡಿಕೊಳ್ಳುವುದು.
• ಅಧಿಕಾರ ಪತ್ರ ನೀಡುವಾಗ ಅಧಿಕಾರವನ್ನು ನಿರ್ದಿಷ್ಟ ಕೆಲಸಗಳಿಗೆ ಸೀಮಿತಗೊಳಿಸುವುದು.

ಖಾತೆ ಮತ್ತು ತೆರಿಗೆ ರಸೀದಿಗಳು ಮಾಲೀಕತ್ವಕ್ಕೆ ತಾವೇ ಆಧಾರವಲ್ಲದಿದ್ದರೂ, ಸ್ವಾಧೀನಕ್ಕೆ ಪೂರಕ ಸಾಕ್ಷ್ಯವಾಗುತ್ತವೆ.

ವಿಮರ್ಶೆ ಮತ್ತು ಸುಧಾರಣೆಯ ಚರ್ಚೆ

ಅಕ್ರಮವಾಗಿ ಬಂದವರಿಗೆ ಹಕ್ಕು ನೀಡಿ ಪ್ರಾಮಾಣಿಕ ಮಾಲೀಕರನ್ನು ಶಿಕ್ಷಿಸುವ ಈ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2008ರ ತೀರ್ಪೊಂದರಲ್ಲಿ ಕಟುವಾಗಿ ಟೀಕಿಸಿ, ಕಾನೂನನ್ನು ಮರುಪರಿಶೀಲಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಋತುರಾಜ್ ಅವಸ್ಥಿ ಅಧ್ಯಕ್ಷತೆಯ ಕಾನೂನು ಆಯೋಗವು 2023ರ ತನ್ನ 280ನೇ ವರದಿಯಲ್ಲಿ, ಅವಧಿಯನ್ನು ಹೆಚ್ಚಿಸಲು ಸಮರ್ಥನೆಯಿಲ್ಲ ಎಂಬ ತೀರ್ಮಾನಕ್ಕೆ ಬಂದಿತು. ಆಯೋಗದ ಇಬ್ಬರು ಪದನಿಮಿತ್ತ ಸದಸ್ಯರು ಇದಕ್ಕೆ ಭಿನ್ನಮತ ಸೂಚಿಸಿದರು. ವ್ಯಾಜ್ಯಗಳಿಗೆ ಕೊನೆಯಿರಬೇಕು, ಭೂಮಿ ಬಳಕೆಯಾಗದೆ ಉಳಿಯಬಾರದು ಎಂಬುದು ಈ ತತ್ತ್ವದ ಪರವಾಗಿರುವವರ ವಾದ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2002ರ ಭೂ ನೋಂದಣಿ ಕಾಯ್ದೆಯಂತೆ, ನೋಂದಾಯಿತ ಸ್ವತ್ತಿನ ಮೇಲೆ ಹತ್ತು ವರ್ಷಗಳ ಸ್ವಾಧೀನದ ನಂತರ ಅರ್ಜಿ ಬಂದರೆ ಮಾಲೀಕರಿಗೆ ತಿಳಿಸಿ ಆಕ್ಷೇಪಣೆಗೆ ಅವಕಾಶ ನೀಡಲಾಗುತ್ತದೆ. ವಸತಿ ಕಟ್ಟಡದಲ್ಲಿ ಅತಿಕ್ರಮವಾಗಿ ವಾಸಿಸುವುದು ಅಲ್ಲಿ 2012ರಿಂದ ಅಪರಾಧವಾಗಿದೆ. ಭಾರತದಲ್ಲಿ ಹನ್ನೆರಡು ವರ್ಷ ತುಂಬುವ ಮುನ್ನ ಮಾಲೀಕರಿಗೆ ತಿಳಿವಳಿಕೆ ಪತ್ರ ಕಳುಹಿಸುವ ಇಂತಹ ವ್ಯವಸ್ಥೆ ಇಲ್ಲ. ಎಚ್ಚರ ವಹಿಸುವ ಹೊಣೆ ಸಂಪೂರ್ಣವಾಗಿ ಮಾಲೀಕರದ್ದೇ ಆಗಿದೆ.