ನಕ್ಷೆಯ ಬಣ್ಣ, ಕಾಯ್ದೆಯ ಕಲಂ: ಪ್ರಾದೇಶಿಕ ಯೋಜನೆಯಲ್ಲಿ ಸ್ವಯಂಸೇವಾ ಗುಂಪುಗಳು

ಅಡಿಕೆ ಮಾರಾಟಕ್ಕೆಂದು 1923ರಲ್ಲಿ ಹುಟ್ಟಿದ ಸಹಕಾರಿ ಸಂಘವೊಂದು ಅಣೆಕಟ್ಟಿನ ಲಾಭನಷ್ಟದ ಲೆಕ್ಕ ತಪಾಸಣೆಗೆ ಕೂತದ್ದು ಕರ್ನಾಟಕದ ಯೋಜನಾ ಚರಿತ್ರೆಯಲ್ಲಿ ಅಪರೂಪದ ಘಟನೆ. 1981ರ ಜನವರಿಯಲ್ಲಿ ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯು ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ಕುರಿತು ವಿಚಾರ ಸಂಕಿರಣ ಏರ್ಪಡಿಸಿತು. ವಿಜ್ಞಾನಿಗಳೂ ಬೆಳೆಗಾರರೂ ಒಂದೇ ಸಭೆಯಲ್ಲಿ ಕೂತು ಮಾತಾಡಿದ್ದು ಅದೇ ವರ್ಷ ‘ಮೇಜರ್ ಡ್ಯಾಮ್ಸ್: ಎ ಸೆಕೆಂಡ್ ಲುಕ್’ ಎಂಬ ಪುಸ್ತಕವಾಗಿ ಹೊರಬಂತು. ಯೋಜನೆ ಬದಿಗೆ ಸರಿಯಿತು. ಇದನ್ನು ‘ಪರಿಸರ ಹೋರಾಟದ ಗೆಲುವು’ ಎಂದು ಬರೆದು ಮುಗಿಸುವುದು ರೂಢಿ. ಆದರೆ ಅಲ್ಲಿ ನಡೆದದ್ದು ಮೂಲತಃ ಒಂದು ಲೆಕ್ಕದ ಜಗಳ.

ಆ ಲೆಕ್ಕ ಅರ್ಥವಾಗಲು ಸೊಪ್ಪಿನ ಬೆಟ್ಟದ ವ್ಯವಸ್ಥೆಯನ್ನು ನೋಡಬೇಕು. ಉತ್ತರ ಕನ್ನಡದ ಘಟ್ಟದ ಮೇಲಿನ ಅಡಿಕೆ ತೋಟದ ಎಕರೆಯೊಂದಕ್ಕೆ 9 ಎಕರೆಯವರೆಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಭೂಮಿ ಸರ್ಕಾರದ್ದು, ಸೊಪ್ಪು ದರಕಿನ ಹಕ್ಕು ತೋಟದ್ದು. ಹಸಿ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಬೆಟ್ಟ ಮುಳುಗಿದರೆ ಮುಳುಗದೆ ಉಳಿದ ತೋಟವೂ ನಾಲ್ಕಾರು ವರ್ಷದಲ್ಲಿ ಸೊರಗುತ್ತದೆ. ಭೂಸ್ವಾಧೀನದ ಲೆಕ್ಕವಾದರೋ ಒಡೆತನವನ್ನು ಎಣಿಸುತ್ತದೆ, ಅವಲಂಬನೆಯನ್ನು ಎಣಿಸುವುದಿಲ್ಲ. ಒಂದು ಪ್ರದೇಶದಲ್ಲಿ ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎಂಬ ತಿಳಿವಳಿಕೆ ಅಲ್ಲಿ ಬದುಕುವವರಲ್ಲಿರುತ್ತದೆ. ಅದನ್ನು ಕಚೇರಿ ಓದಬಲ್ಲ ಭಾಷೆಗೆ ಇಳಿಸಿದ್ದೇ ಶಿರಸಿಯ ಗುಂಪಿನ ಕೆಲಸ. ಪ್ರತಿಭಟನೆಗೆ ಕೂಗು ಸಾಕು, ಯೋಜನೆಯನ್ನು ಅಲುಗಿಸಲು ಕಾಗದ ಬೇಕು.

ಹಾಗೆಂದು ಬೇಡ್ತಿಯ ಪ್ರಸಂಗ ಮುಗಿದಿಲ್ಲ. ಅದೇ ನದಿ ಈಗ ಬೇಡ್ತಿ–ವರದಾ ಜೋಡಣೆಯ ಹೆಸರಿನಲ್ಲಿ ಮತ್ತೆ ಕಡತಕ್ಕೆ ಬಂದಿದೆ, ಕಣಿವೆಯ ಸಮಿತಿಗಳು ಮತ್ತೆ ಸಭೆ ಸೇರುತ್ತಿವೆ. ಒಮ್ಮೆ ‘ಬೇಡ’ ಎಂದದ್ದನ್ನು ನಲವತ್ತು ವರ್ಷದ ಮೇಲೆ ಪುನಃ ಏಕೆ ಹೇಳಬೇಕಾಯಿತು? ಕಣಿವೆಗೆ ಏನು ಬೇಡ ಎಂಬುದು 1981ರಲ್ಲಿ ಇತ್ಯರ್ಥವಾಯಿತು. ಏನು ಬೇಕು ಎಂಬುದನ್ನು ಹೇಳುವ, ಕಾನೂನಿನ ಬಲವುಳ್ಳ ದಾಖಲೆ ಮಾತ್ರ ಹುಟ್ಟಲಿಲ್ಲ. ಸ್ವಯಂಸೇವಾ ಗುಂಪುಗಳು ಯೋಜನೆಯೊಂದನ್ನು ನಿಲ್ಲಿಸುವುದು ಬೇರೆ, ಪ್ರದೇಶಕ್ಕೆ ಯೋಜನೆ ಬರೆಯುವುದು ಬೇರೆ, ಬರೆದದ್ದನ್ನು ಕಾಯ್ದೆಯೊಳಗೆ ಉಳಿಸಿಕೊಳ್ಳುವುದು ಇನ್ನೂ ಬೇರೆ. ಈ ಮೂರನೆಯದರಲ್ಲೇ ಗುಂಪುಗಳು ಸೋಲುತ್ತವೆ ಎಂಬುದು ಈ ಲೇಖನದ ವಾದ. ಅದಕ್ಕೆ ಅತ್ಯುತ್ತಮ ಸಾಕ್ಷ್ಯ ಕಾರವಾರದಿಂದ ಗಡಿ ದಾಟಿದರೆ ಸಿಗುವ ಗೋವಾದಲ್ಲಿದೆ.

ಗೋವಾದ ವಿಸ್ತೀರ್ಣ 3,702 ಚದರ ಕಿಲೋಮೀಟರ್, ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಅರ್ಧಕ್ಕಿಂತ ಕಡಿಮೆ. ಅಲ್ಲಿನ 1974ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಇಡೀ ರಾಜ್ಯಕ್ಕೆ ಒಂದೇ ಪ್ರಾದೇಶಿಕ ಯೋಜನೆ. ಯಾವ ಗದ್ದೆ ಗದ್ದೆಯಾಗಿಯೇ ಇರಬೇಕು, ಯಾವ ಗುಡ್ಡದ ಇಳಿಜಾರಿನಲ್ಲಿ ಮನೆ ಕಟ್ಟಬಹುದು ಎಂಬುದೆಲ್ಲ ನಕ್ಷೆಯ ಬಣ್ಣದಲ್ಲಿರುತ್ತದೆ. ಕರ್ನಾಟಕದಲ್ಲಿ 1961ರ ಕಾಯ್ದೆಯಡಿ ಮಾಸ್ಟರ್ ಪ್ಲಾನ್ ಸಿದ್ಧವಾಗುವುದು ಬಹುಮಟ್ಟಿಗೆ ನಗರ ಮತ್ತು ಅದರ ಸುತ್ತಲಿನ ಸ್ಥಳೀಯ ಯೋಜನಾ ಪ್ರದೇಶಗಳಿಗೆ. ಹಳ್ಳಿಯ ಗದ್ದೆಗೆ ನಕ್ಷೆಯಲ್ಲಿ ಬಣ್ಣ ಕೊಟ್ಟರೆ ಅದಕ್ಕಾಗಿ ಬೀದಿಗಿಳಿಯಬೇಕಾಗುತ್ತದೆ ಎಂಬ ಅನುಭವ ನಮ್ಮ ಮಲೆನಾಡಿಗೆ ಹೊಸದು, ಗೋವಾದ ಹಳ್ಳಿಗೆ ಹಳೆಯದು.

2006ರ ಆಗಸ್ಟ್‌ನಲ್ಲಿ ‘ಪ್ರಾದೇಶಿಕ ಯೋಜನೆ 2011’ ಗೆಜೆಟ್‌ನಲ್ಲಿ ಪ್ರಕಟವಾಯಿತು. ಹಳೆಯ ನಕ್ಷೆಯಲ್ಲಿ ತೋಟ, ಗದ್ದೆ, ಗುಡ್ಡ ಎಂದಿದ್ದ ಜಾಗಗಳು ಹೊಸದರಲ್ಲಿ ವಸತಿಯ ಬಣ್ಣ ಪಡೆದಿದ್ದವು. ವಾಸ್ತುಶಿಲ್ಪಿಗಳು, ವಕೀಲರು, ವೈದ್ಯರು, ಪಾದ್ರಿಗಳು, ರೈತರು ಎರಡು ನಕ್ಷೆಗಳನ್ನು ಅಕ್ಕಪಕ್ಕ ಹರಡಿ ತಾಳೆ ನೋಡಿದರು. ಡಿಸೆಂಬರ್‌ನಲ್ಲಿ ‘ಗೋವಾ ಬಚಾವ್ ಅಭಿಯಾನ’ ರೂಪುಗೊಂಡಿತು, ವೈದ್ಯ ಆಸ್ಕರ್ ರೆಬೆಲೊ ಸಂಚಾಲಕರಾದರು. ಪಣಜಿಯ ಆಜಾದ್ ಮೈದಾನದ ಸಭೆಗೆ ಜನ ಕಿಕ್ಕಿರಿದರು. 2007ರ ಜನವರಿಯಲ್ಲಿ ಸರ್ಕಾರ ಯೋಜನೆಯನ್ನು ಹಿಂತೆಗೆದುಕೊಂಡಿತು. ಆ ವರ್ಷಾಂತ್ಯಕ್ಕೆ ವಿಶೇಷ ಆರ್ಥಿಕ ವಲಯಗಳ ಪ್ರಸ್ತಾವಗಳನ್ನೂ ಕೈಬಿಡುವುದಾಗಿ ಹೇಳಿತು.

ಇಲ್ಲಿಯವರೆಗೆ ಇದು ಬೇಡ್ತಿಯ ಕತೆಯೇ. ಬೇರೆಯಾಗುವುದು ಮುಂದಿನ ಹಂತದಲ್ಲಿ. ಹಿಂತೆಗೆದ ಯೋಜನೆಯ ಜಾಗಕ್ಕೆ ಹೊಸದು ಬೇಕಿತ್ತು. ಅದಕ್ಕಾಗಿ ರಚಿತವಾದ ಕಾರ್ಯಪಡೆಯಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ, ನಗರ ಯೋಜಕ ಎಡ್ಗರ್ ರಿಬೇರೊ ಮುಂತಾದವರಿದ್ದರು. 2008ರಲ್ಲಿ ‘ಪ್ರಾದೇಶಿಕ ಯೋಜನೆ 2021’ರ ಕರಡು ಬಂತು. ಅದು ಮೊದಲು ಕೇಳಿದ್ದು ಎಲ್ಲಿ ಕಟ್ಟಬಾರದು ಎಂಬುದನ್ನು. ಕಾಡು, ನೀರು, ಖಾಜನ್ ಭೂಮಿ, ಕಡಿದಾದ ಇಳಿಜಾರು ಇವನ್ನು ಪರಿಸರ ಸೂಕ್ಷ್ಮ ವಲಯಗಳಾಗಿ ತೆಗೆದಿಟ್ಟು, ಉಳಿದುದರಲ್ಲಿ ವಸತಿಯ ಮಾತು. ಆಮೇಲೆ ಗ್ರಾಮವಾರು ನಕ್ಷೆಗಳು ಪಂಚಾಯಿತಿಗಳಿಗೆ ಹೋದವು. ಊರಿನ ಸಮಿತಿಗಳು ಸರ್ವೆ ನಂಬರು ಹಿಡಿದು ಕೆರೆ, ಝರಿ, ಗೋಮಾಳ, ಕಾಲುದಾರಿ ಗುರುತಿಸಿ ಮರಳಿಸಬೇಕಿತ್ತು. ಭಾನುವಾರದ ಗ್ರಾಮಸಭೆಗಳು ತಾಸುಗಟ್ಟಲೆ ನಡೆದವು.

ಖಾಜನ್ ಎಂದರೇನೆಂದು ನಮ್ಮ ಕರಾವಳಿಯವರಿಗೆ ವಿವರಿಸಬೇಕಿಲ್ಲ. ಅಘನಾಶಿನಿ ದಂಡೆಯ ಗಜನಿ ಗದ್ದೆಯೇ ಅದು. ಉಪ್ಪುನೀರು ನುಗ್ಗದಂತೆ ಒಡ್ಡು, ಒಡ್ಡಿಗೆ ಹಲಗೆ ಬಾಗಿಲು, ಮಳೆಗಾಲದಲ್ಲಿ ಉಪ್ಪು ತಾಳುವ ಭತ್ತ, ಆಮೇಲೆ ಮೀನು. ನಮ್ಮಲ್ಲಿ ಕಗ್ಗ, ಅಲ್ಲಿ ಕೊರ್ಗುಟ್. ಒಡ್ಡಿನ ಒಂದು ಕಡೆ ಬಿರುಕು ಬಿಟ್ಟರೆ ಎಲ್ಲರ ಗದ್ದೆಯೂ ಹಾಳು, ಹಾಗಾಗಿ ದುರಸ್ತಿಯ ಹೊಣೆ ಎಲ್ಲರದು. ಗೋವಾದಲ್ಲಿ ಗಾಂವಕಾರಿ ಪದ್ಧತಿ, ಪೋರ್ಚುಗೀಸರ ಕಾಲದಲ್ಲಿ ಕೊಮುನಿದಾದ್ ಎನಿಸಿಕೊಂಡದ್ದು, ಈ ಹೊಣೆಯನ್ನು ಹೊತ್ತಿತ್ತು. ದೂರದಿಂದ ತೆಗೆದ ಚಿತ್ರದಲ್ಲಿ ಸಾಗುವಳಿ ನಿಂತ ಖಾಜನ್ ಪಾಳುಭೂಮಿಯಂತೆ ಕಾಣುತ್ತದೆ. ಒಡ್ಡು ಯಾರದು, ಬಾಗಿಲು ತೆರೆಯುವ ಹರಾಜು ಯಾರಿಗಾಯಿತು, ಒಡ್ಡು ತಾನಾಗಿ ಒಡೆಯಿತೋ ಮೀನಿನ ಆಸೆಗೆ ಒಡೆದರೋ ಎಂಬುದು ಊರಿನವರಿಗೇ ಗೊತ್ತು. ಗ್ರಾಮವಾರು ಸಮಾಲೋಚನೆಯನ್ನು ‘ಜನಾಭಿಪ್ರಾಯ ಸಂಗ್ರಹ’ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಅದು ಅಭಿಪ್ರಾಯವಲ್ಲ, ಮಾಹಿತಿ. ಬೇಡ್ತಿಯಲ್ಲಿ ಬೆಟ್ಟ ಹೇಗೋ ಇಲ್ಲಿ ಒಡ್ಡು ಹಾಗೆ.

ತಾಲೂಕುವಾರು ಹಂತಹಂತವಾಗಿ 2010–11ರಲ್ಲಿ ಅಂತಿಮ ಯೋಜನೆ ಪ್ರಕಟವಾಯಿತು. ಪ್ರಕಟವಾದ ನಕ್ಷೆ ಊರು ಕೊಟ್ಟದ್ದಕ್ಕೆ ಹೊಂದುವುದಿಲ್ಲ ಎಂಬ ದೂರು ಬೆನ್ನಲ್ಲೇ ಬಂತು. ಗುಂಪುಗಳೇ ಮತ್ತೆ ತಿದ್ದುಪಡಿ ಕೇಳಿದವು. 2012ರಲ್ಲಿ ಸರ್ಕಾರ ಬದಲಾದಾಗ ಯೋಜನೆಯನ್ನು ತಡೆಹಿಡಿಯಲಾಯಿತು. ರದ್ದೂ ಇಲ್ಲ, ಜಾರಿಯೂ ಇಲ್ಲ. ವರ್ಷಗಳು ಕಳೆದ ಮೇಲೆ ಅದಕ್ಕೆ ಮತ್ತೆ ಚಾಲನೆ ಸಿಕ್ಕಿತು. ಆ ಹೊತ್ತಿಗೆ ಆಟದ ನಿಯಮವೇ ಬೇರೆಯಾಗಿತ್ತು.

2018ರಲ್ಲಿ ಕಾಯ್ದೆಗೆ 16ಬಿ ಕಲಂ ಸೇರಿತು. ಜಮೀನಿನ ಒಡೆಯ ಅರ್ಜಿ ಹಾಕಿ ತನ್ನ ತುಂಡಿನ ಬಣ್ಣ ಬದಲಿಸಿಕೊಳ್ಳುವ ದಾರಿ ಅದು. 2023ರಲ್ಲಿ 17(2) ಬಂತು. ಪ್ರಾದೇಶಿಕ ಯೋಜನೆಯಲ್ಲಿ ಕಣ್ತಪ್ಪಿನಿಂದ ಆದ ದೋಷಗಳನ್ನು ಸರಿಪಡಿಸುವುದು ಅದರ ಉದ್ದೇಶವೆಂದು ಹೇಳಲಾಯಿತು. 2024ರಲ್ಲಿ 39ಎ. ಮೂರರ ಭಾಷೆ ಬೇರೆ, ಫಲ ಹೆಚ್ಚುಕಡಿಮೆ ಒಂದೇ. ಪ್ರದೇಶ ಎಂಬ ಘಟಕ ಕರಗಿ ಸರ್ವೆ ನಂಬರು ಎಂಬ ಘಟಕ ಮುಂದೆ ಬಂತು. ಗ್ರಾಮಸಭೆ ಇಡೀ ಊರಿನ ನಕ್ಷೆ ನೋಡಿ ಒಡ್ಡಿನ ಈಚೆ ಕಟ್ಟಬೇಡಿ ಎಂದಿತ್ತು. ಹೊಸ ಕಲಂಗಳಡಿ ಒಡ್ಡಿನ ಈಚೆಗಿನ ಒಂದೊಂದೇ ತುಂಡು ಪ್ರತ್ಯೇಕ ಅರ್ಜಿಯಾಗಿ ಬರತೊಡಗಿತು. ಯಾವ ಅರ್ಜಿಯೂ ತಾನಾಗಿ ದೊಡ್ಡದಲ್ಲ. ಬೇಡ್ತಿಯ ಅಣೆಕಟ್ಟು ಒಂದೇ ಏಟಿಗೆ ಕಣಿವೆಯನ್ನು ಮುಳುಗಿಸುತ್ತಿತ್ತು, ಆದ್ದರಿಂದ ಕಣಿವೆ ಒಟ್ಟಾಗಿ ಎದ್ದಿತು. ಗುಂಟೆಗಟ್ಟಲೆ ಹೋಗುವುದಕ್ಕೆ ಯಾವ ಮೈದಾನದಲ್ಲಿ ಜನ ಸೇರಬೇಕು?

ಗುಂಪುಗಳು ಹೋದದ್ದು ನ್ಯಾಯಾಲಯಕ್ಕೆ. 1986ರಿಂದ ಇರುವ ಗೋವಾ ಫೌಂಡೇಶನ್ ಮತ್ತಿತರ ಸಂಘಟನೆಗಳ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟಿನ ಗೋವಾ ಪೀಠ 2025ರ ಮಾರ್ಚ್‌ನಲ್ಲಿ 17(2)ರ ಅಡಿಯ ನಿಯಮ ಮತ್ತು ಮಾರ್ಗಸೂಚಿಗಳನ್ನು ರದ್ದುಗೊಳಿಸಿತು. ಕಲಂ ಉಳಿಯಿತು, ಅದರ ಅರ್ಥವ್ಯಾಪ್ತಿ ಕುಗ್ಗಿತು. ತಪ್ಪು ತಿದ್ದುವ ಅಧಿಕಾರವೆಂದರೆ ಯೋಜನೆಯನ್ನೇ ತುಂಡುತುಂಡಾಗಿ ಬದಲಿಸುವ ಅಧಿಕಾರವಲ್ಲ ಎಂಬುದು ತೀರ್ಪಿನ ಸಾರ. ಗೆಲುವೇ ಹೌದು. ಆದರೆ 2007ರಲ್ಲಿ ಯೋಜನೆ ಬರೆಯಲು ಕೂತ ಅದೇ ಚಳವಳಿ 2025ರಲ್ಲಿ ಬರೆದದ್ದನ್ನು ಕಾಯುವ ಕಾವಲುಗಾರನಾಗಿತ್ತು.

ಪಶ್ಚಿಮ ಘಟ್ಟದ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ಬೇಗ ನೋಡಬಹುದು. 1987ರ ನವೆಂಬರ್‌ನಲ್ಲಿ ಉತ್ತರದಿಂದಲೂ ದಕ್ಷಿಣದಿಂದಲೂ ಹೊರಟ ‘ಪಶ್ಚಿಮ ಘಟ್ಟ ಉಳಿಸಿ’ ಪಾದಯಾತ್ರೆಗಳು 1988ರ ಫೆಬ್ರವರಿಯಲ್ಲಿ ಗೋವಾದಲ್ಲಿ ಕೂಡಿದವು. ಘಟ್ಟಸಾಲು ಒಂದೇ ಪ್ರದೇಶ ಎಂಬ ಭಾವನೆ ಸಾರ್ವಜನಿಕವಾಗಿ ಬೇರೂರಲು ಆ ನಡಿಗೆಯ ಪಾಲು ದೊಡ್ಡದು. 2010ರಲ್ಲಿ ರಚಿತವಾದ ಮಾಧವ ಗಾಡ್ಗೀಳ್ ಸಮಿತಿ ಆ ಭಾವನೆಗೆ ವಲಯಗಳ ರೂಪ ಕೊಟ್ಟಿತು, ವಲಯದ ಗಡಿ ಮತ್ತು ನಿಯಮಗಳ ಕೊನೆಯ ಮಾತು ಗ್ರಾಮಸಭೆಗಳದ್ದಾಗಲಿ ಎಂದಿತು. ಸಿಂಧುದುರ್ಗದ 25 ಗ್ರಾಮಸಭೆಗಳು ಗಣಿಗಾರಿಕೆಗೆ ಹೆದರಿ ತಮ್ಮೂರನ್ನು ಪರಿಸರ ಸೂಕ್ಷ್ಮವೆಂದು ಘೋಷಿಸಿ ಎಂದು ತಾವಾಗಿ ಕೇಳಿದ್ದನ್ನು ಗಾಡ್ಗೀಳರು ಮತ್ತೆ ಮತ್ತೆ ನೆನಪಿಸುತ್ತಿದ್ದರು. ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟರೆ ಅದು ಬಹಿರಂಗವಾದದ್ದು 2012ರ ಮೇ ತಿಂಗಳಲ್ಲಿ, ಅದೂ ಮಾಹಿತಿ ಹಕ್ಕಿನ ಹಗ್ಗಜಗ್ಗಾಟದ ನಂತರ. ಜನರಿಗೆ ಕೊಟ್ಟು ಚರ್ಚಿಸಬೇಕಾದ ದಾಖಲೆಯನ್ನು ಮುಚ್ಚಿಟ್ಟ ಆ ತಿಂಗಳುಗಳಲ್ಲಿ ಗಾಳಿಮಾತು ಊರೂರಿಗೆ ಮುಟ್ಟಿತ್ತು. ಆಮೇಲೆ ಕಸ್ತೂರಿರಂಗನ್ ಸಮಿತಿ, ಕರಡು ಅಧಿಸೂಚನೆಗಳ ಸರಣಿ. 2024ರ ಜುಲೈನ ಆರನೆಯ ಕರಡಿನಲ್ಲಿ ಪರಿಸರ ಸೂಕ್ಷ್ಮ ಪ್ರದೇಶ ಒಟ್ಟು 56,825 ಚದರ ಕಿಲೋಮೀಟರ್, ಅದರಲ್ಲಿ ಕರ್ನಾಟಕದ್ದೇ 20,668. ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು. ಉಪಗ್ರಹದ ಕಣ್ಣಿಗೆ ಕಂಡ ಹಸಿರನ್ನು ಊರಿನ ಸಭೆಯ ಮುಂದಿಟ್ಟು ಕೇಳುವ ಕೆಲಸ ಸರಿಯಾಗಿ ನಡೆಯಲೇ ಇಲ್ಲ. ಮಲೆನಾಡಿನ ಸಣ್ಣ ಹಿಡುವಳಿದಾರನ ಸಿಟ್ಟನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವ ಪರಿಸರವಾದಿ ಬರಹಗಳು ಈ ಅಂಶವನ್ನು ಬಿಟ್ಟುಬಿಡುತ್ತವೆ.

ಇನ್ನು, ಈ ‘ಸ್ವಯಂಸೇವಕ’ ಯಾರು? ಸ್ವಯಂಸೇವಾ ಗುಂಪು ಎಂಬುದು ಲೇಖನದ ಮಾತು. ಊರಿನಲ್ಲಿ ಅದು ಸಮಿತಿ, ಸಂಘ ಅಥವಾ ಬರೀ ‘ನಮ್ಮ ಕಡೆಯವರು’. ಶಿರಸಿಯಲ್ಲಿ ಲೆಕ್ಕ ಹಾಕಿದವರು ಓದು ಬಲ್ಲ, ತೋಟವುಳ್ಳ ಅಡಿಕೆ ಬೆಳೆಗಾರರು. ಗೋವಾದಲ್ಲಿ ನಕ್ಷೆ ಓದಿದವರಲ್ಲೂ ವೃತ್ತಿಪರರು, ಭೂಮಿ ಉಳ್ಳವರು ಮುಂದಿದ್ದರು. ಬಿಡುವು, ಅಕ್ಷರ, ಕಚೇರಿಯ ಪರಿಚಯ ಇವಿಲ್ಲದೆ ಈ ಕೆಲಸ ಆಗದು, ಅದನ್ನು ಅಪರಾಧವೆನ್ನಲಾಗದು. ಆದರೆ ಅದರಿಂದ ಏನು ಕಾಣದೆ ಹೋಗುತ್ತದೆ ಎಂಬುದನ್ನು ಕನ್ನಡಿಗರು ಕೇಳಲೇಬೇಕು. ಗೋವಾದ ಕಟ್ಟಡಗಳನ್ನು ಕಟ್ಟಿದ ಕೈಗಳಲ್ಲಿ ಬಹಳಷ್ಟು ಉತ್ತರ ಕರ್ನಾಟಕದವು. ವಾಸ್ಕೋದ ಬೈನಾ ಕಡಲದಂಡೆಯಲ್ಲಿ 2004ರಲ್ಲೂ 2015ರಲ್ಲೂ ನೆಲಸಮವಾದ ಮನೆಗಳಲ್ಲಿ ಕನ್ನಡ ಮಾತಾಡುವವರಿದ್ದರು. ಗ್ರಾಮಸಭೆಯಲ್ಲಿ ಕೈ ಎತ್ತಲು ಆ ಊರಿನ ಮತದಾರನಾಗಿರಬೇಕು. ಬಾಡಿಗೆ ಕೋಣೆಯ ಕೂಲಿಕಾರನಿಗೆ ನಕ್ಷೆಯಲ್ಲಿ ಬಣ್ಣವಿಲ್ಲ. ವಸತಿ ವಲಯ ಕಿರಿದಾದಷ್ಟೂ ಬಾಡಿಗೆ ಏರುತ್ತದೆಂಬ ಸರಳ ಲೆಕ್ಕವನ್ನು ಅವನ ಪರವಾಗಿ ಹಾಕುವ ಸಮಿತಿ ಯಾವುದು? ಸೊಪ್ಪಿನ ಬೆಟ್ಟದ ವಾದವನ್ನೇ ಇಲ್ಲಿಗೂ ತರಬಹುದು: ಒಡೆತನವಿಲ್ಲದ ಅವಲಂಬನೆಯನ್ನು ಎಣಿಸದ ಯೋಜನೆ ಅಪೂರ್ಣ.

ಕರ್ನಾಟಕದಲ್ಲಿ ಇಂಥ ಕೆಲಸಕ್ಕೆ ಶಾಸನಬದ್ಧ ಜಾಗ ಇಲ್ಲವೆಂದಲ್ಲ. 74ನೆಯ ತಿದ್ದುಪಡಿಯ 243ಝಡ್‌ಡಿ ವಿಧಿಯಂತೆ ಪ್ರತಿ ಜಿಲ್ಲೆಗೆ ಯೋಜನಾ ಸಮಿತಿ ಇರಬೇಕು, ಸದಸ್ಯರಲ್ಲಿ ಐದನೇ ನಾಲ್ಕು ಭಾಗಕ್ಕೆ ಕಡಿಮೆಯಿಲ್ಲದಷ್ಟು ಜನ ಪಂಚಾಯಿತಿ ಮತ್ತು ಪುರಸಭೆಗಳ ಚುನಾಯಿತರಿಂದ ಆಯ್ಕೆಯಾದವರಾಗಿರಬೇಕು. ನೀರು ಮತ್ತಿತರ ಪ್ರಕೃತಿ ಸಂಪನ್ಮೂಲಗಳ ಹಂಚಿಕೆ, ಪರಿಸರ ಸಂರಕ್ಷಣೆ ಇವನ್ನು ಸಮಿತಿ ಗಮನಿಸಬೇಕೆಂದೂ ಅದೇ ವಿಧಿ ಹೇಳುತ್ತದೆ. ಕರಡು ಯೋಜನೆ ಸಿದ್ಧಪಡಿಸುವಾಗ ರಾಜ್ಯಪಾಲರು ಸೂಚಿಸಿದ ಸಂಸ್ಥೆಗಳ ಸಲಹೆ ಪಡೆಯಬೇಕೆಂಬ ಮಾತೂ ಅಲ್ಲಿದೆ. ಬೇಡ್ತಿ ಕಣಿವೆಯ ಸಮಿತಿಗಳು ಇಂದು ನದಿ ಜೋಡಣೆಯ ವಿರುದ್ಧ ಮನವಿ ಕೊಡುವಾಗ ಅದರ ಜೊತೆಗೆ ಕಣಿವೆಯ ಬೆಟ್ಟ, ಝರಿ, ಗಜನಿಗಳ ಸರ್ವೆವಾರು ನಕ್ಷೆಯನ್ನು ಜಿಲ್ಲಾ ಯೋಜನಾ ಸಮಿತಿಯ ಮೇಜಿಗೆ ಒಯ್ದರೆ ಅದು ಕಡತದಲ್ಲಿ ದಾಖಲಾಗಬಹುದು. ಗೋವಾದವರ ಬಳಿ ಹಿಂದಿರುಗಿ ತೋರಿಸಲು ಪ್ರಕಟವಾದ ಒಂದು ನಕ್ಷೆಯಾದರೂ ಇದೆ. 17(2)ರ ಮೊಕದ್ದಮೆಯಲ್ಲಿ ನ್ಯಾಯಾಲಯ ಕೈಗೆತ್ತಿಕೊಂಡದ್ದು ಆ ನಕ್ಷೆಯನ್ನೇ.